ತುಂಗಭದ್ರಾ ಅಚ್ಚುಕಟ್ಟಿನ ಭತ್ತಕ್ಕೆ ಕಟಾವು ಯಂತ್ರ: ಗದ್ದೆ ಒಣಗಿಸುವುದರಿಂದ ಯಂತ್ರವನ್ನು ಶೆಡ್ಡಿಗೆ ಸೇರಿಸುವವರೆಗೆ

ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟ ದಿನವೇ ಗಂಗಾವತಿ, ಕಾರಟಗಿ, ಸಿಂಧನೂರು ಸೀಮೆಯ ಕೊಯ್ಲಿನ ದಿನವೂ ಹೆಚ್ಚುಕಡಿಮೆ ಗೊತ್ತಾಗಿಬಿಡುತ್ತದೆ. ಒಂದೇ ಕಾಲುವೆ, ಆಸುಪಾಸಿನ ದಿನಗಳಲ್ಲೇ ನಾಟಿ, ಬಹುಪಾಲು ಸೋನಾ ಮಸೂರಿಯಂಥ ಸಣ್ಣ ಕಾಳಿನ ತಳಿಗಳು. ಹೀಗಾಗಿ ನವೆಂಬರ್ ನಡುವಿನಿಂದ ಡಿಸೆಂಬರ್‌ವರೆಗೆ ಇಡೀ ಸೀಮೆಯ ಭತ್ತ ಒಟ್ಟಿಗೇ ಕೊಯ್ಲಿಗೆ ಬರುತ್ತದೆ. ಬಲದಂಡೆಯ ಸಿರುಗುಪ್ಪ ಕಡೆಯಲ್ಲೂ ಇದೇ ಕಥೆ. ಕುಡುಗೋಲು ಹಿಡಿಯುವ ಆಳುಗಳು ಅಷ್ಟು ಸಂಖ್ಯೆಯಲ್ಲಿ ಎಲ್ಲಿಯೂ ಸಿಗುವುದಿಲ್ಲವಾದ್ದರಿಂದ ಕೊಯ್ಲು ಈಗ ಯಂತ್ರದ ಕೆಲಸವಾಗಿದೆ. ಹೊರ ಜಿಲ್ಲೆ, ಹೊರ ರಾಜ್ಯಗಳಿಂದಲೂ ಯಂತ್ರಗಳು ಲಾರಿಯ ಮೇಲೆ ಬಂದಿಳಿಯುತ್ತವೆ.

ಆದರೆ ಯಂತ್ರ ಗದ್ದೆಗೆ ಇಳಿಯಿತು ಎಂದಮಾತ್ರಕ್ಕೆ ಕೊಯ್ಲು ಚೆನ್ನಾಗಿ ಆಯಿತು ಎಂದಲ್ಲ. ಒಂದೇ ಯಂತ್ರ, ಒಂದೇ ಊರು, ಪಕ್ಕಪಕ್ಕದ ಎರಡು ಹೊಲ. ಒಬ್ಬರ ಹೊಲದಲ್ಲಿ ಕಾಳು ನೆಲಕ್ಕೆ ಚೆಲ್ಲಿಹೋಗುತ್ತದೆ, ಇನ್ನೊಬ್ಬರ ಹೊಲದಲ್ಲಿ ಚೀಲಕ್ಕೆ ಬರುತ್ತದೆ. ವ್ಯತ್ಯಾಸ ಇರುವುದು ಎಂಜಿನ್ನಿನ ಸುತ್ತು, ಡ್ರಮ್ಮಿನ ಅಂತರ, ಗಾಳಿಯ ಹದ, ಯಂತ್ರ ಮುಂದೆ ಸಾಗುವ ವೇಗ ಎಂಬ ನಾಲ್ಕು ಸಂಗತಿಗಳಲ್ಲಿ. ಈ ನಾಲ್ಕನ್ನೂ ಹೇಗೆ ಹೊಂದಿಸಬೇಕೆಂಬುದನ್ನು ಯಂತ್ರದ ಹಿಂದಿನ ನೆಲವೇ ತೋರಿಸಿಕೊಡುತ್ತದೆ. ಈ ಮಾರ್ಗದರ್ಶಿ ಯಂತ್ರದ ಮಾಲೀಕರು ಮತ್ತು ಚಾಲಕರಿಗೆ ಎಷ್ಟು ಬೇಕೋ, ಬಾಡಿಗೆ ಕೊಟ್ಟು ಯಂತ್ರ ಕರೆಸುವ ರೈತರಿಗೂ ಅಷ್ಟೇ ಬೇಕಾದದ್ದು.

ಯಂತ್ರದೊಳಗೆ ನಡೆಯುವುದೇನು

ಕೊಯ್ಯುವುದು, ಬಡಿಯುವುದು, ತೂರುವುದು ಎಂಬ ಮೂರು ಕೆಲಸಗಳನ್ನೂ ಈ ಯಂತ್ರ ನಡೆಯುತ್ತ ನಡೆಯುತ್ತಲೇ ಮುಗಿಸುತ್ತದೆ. ಮುಂದಿನ ರೀಲ್ ತೆನೆಗಳನ್ನು ಬ್ಲೇಡಿನತ್ತ ಬಾಗಿಸುತ್ತದೆ. ಕಟರ್ ಬಾರ್ ಬುಡ ಕತ್ತರಿಸುತ್ತದೆ. ಅಡ್ಡಲಾಗಿ ತಿರುಗುವ ಆಗರ್ ಕೊಯ್ದ ಬೆಳೆಯನ್ನು ಒಂದೆಡೆಗೆ ಎಳೆದು ಕನ್ವೇಯರಿಗೆ ಒಪ್ಪಿಸುತ್ತದೆ. ಅಲ್ಲಿಂದ ಬೆಳೆ ಡ್ರಮ್ಮಿಗೆ ಹೋಗುತ್ತದೆ. ಭತ್ತದ ಯಂತ್ರಗಳಲ್ಲಿ ಸಾಮಾನ್ಯವಾಗಿ ಹಲ್ಲುಗಳಿರುವ ಡ್ರಮ್ ಇರುತ್ತದೆ. ಅದರ ಕೆಳಗಿನ ಕಬ್ಬಿಣದ ಜಾಲರಿಯೇ ಕಾನ್‌ಕೇವ್. ಉದುರಿದ ಕಾಳು ಜಾಲರಿಯಿಂದ ಜರಡಿಗೆ ಬೀಳುತ್ತದೆ, ಬ್ಲೋವರಿನ ಗಾಳಿ ಜೊಳ್ಳು ಮತ್ತು ಹೊಟ್ಟನ್ನು ಹೊರಗೆ ಹಾರಿಸುತ್ತದೆ, ಗಟ್ಟಿ ಕಾಳು ಟ್ಯಾಂಕ್ ಸೇರುತ್ತದೆ, ಹುಲ್ಲು ಹಿಂದೆ ಬೀಳುತ್ತದೆ.

ಇಷ್ಟೆಲ್ಲವನ್ನೂ ತಿರುಗಿಸುವುದು ಒಂದೇ ಡೀಸೆಲ್ ಎಂಜಿನ್. ಗಾಲಿಯ ಬದಲು ರಬ್ಬರ್ ಪಟ್ಟಿಗಳ ಮೇಲೆ ಸಾಗುವ ಚೈನ್ ಯಂತ್ರಗಳಲ್ಲಿ ಅದು ಸಾಮಾನ್ಯವಾಗಿ 60ರಿಂದ 75 ಅಶ್ವಶಕ್ತಿಯ ಆಸುಪಾಸಿನಲ್ಲಿರುತ್ತದೆ, ದೊಡ್ಡ ಟೈರ್ ಯಂತ್ರಗಳಲ್ಲಿ 100 ಅಶ್ವಶಕ್ತಿಯ ಸುತ್ತಮುತ್ತ. ಲಾರಿಯ ಎಂಜಿನ್ನಿಗೆ ಏರು ಬಂದಾಗ ಹೊರೆ, ಇಳಿಜಾರಿನಲ್ಲಿ ಬಿಡುವು. ಕಟಾವು ಯಂತ್ರದ ಎಂಜಿನ್ನಿಗೆ ಅಂಥ ಬಿಡುವಿಲ್ಲ. ದಿನವಿಡೀ ಪೂರ್ತಿ ಸುತ್ತಿನಲ್ಲಿ, ತನ್ನದೇ ಯಂತ್ರ ಎಬ್ಬಿಸಿದ ಹೊಟ್ಟು ಮತ್ತು ಧೂಳಿನ ನಡುವೆ, ಬೇಸಿಗೆ ಬೆಳೆಯಾದರೆ 40 ಡಿಗ್ರಿ ಮೀರಿದ ರಾಯಚೂರು ಸೀಮೆಯ ಬಿಸಿಲಿನಲ್ಲಿ ಅದು ಉಸಿರಾಡಬೇಕು. ಅದರ ಆರೈಕೆಯ ಕ್ರಮ ಬೇರೆಯಾಗಿರುವುದು ಈ ಕಾರಣಕ್ಕೇ.

ಮೊದಲ ಹಂತ: ಚೈನ್ ಯಂತ್ರವೋ ಟೈರ್ ಯಂತ್ರವೋ

ಈ ಪ್ರಶ್ನೆಗೆ ಉತ್ತರ ನಿಮ್ಮ ಹೊಲದ ತೇವದಲ್ಲಿದೆ. ಅಚ್ಚುಕಟ್ಟಿನ ಬಹುಪಾಲು ಎರೆಭೂಮಿ. ನೀರು ಹಿಡಿದರೆ ಬಿಡುವುದಿಲ್ಲ. ಕಾಲುವೆಯ ಮೇಲ್ಭಾಗದ ಹೊಲಗಳಲ್ಲಿ ಪಕ್ಕದಿಂದ ನೀರು ಜಿನುಗುವುದೂ ಉಂಟು. ಸುಮಾರು 3,000 ಕಿಲೋ ತೂಕದ ಒಂದು ಚೈನ್ ಯಂತ್ರವನ್ನು ತೆಗೆದುಕೊಳ್ಳಿ. ಅದರ ಎರಡು ರಬ್ಬರ್ ಪಟ್ಟಿಗಳು ತಲಾ 45 ಸೆಂ.ಮೀ. ಅಗಲ, 150 ಸೆಂ.ಮೀ. ಉದ್ದದಷ್ಟು ನೆಲ ಹಿಡಿದರೆ ಒಟ್ಟು 13,500 ಚದರ ಸೆಂ.ಮೀ. ಆಯಿತು, ಅಂದರೆ ಒಂದು ಚದರ ಸೆಂಟಿಮೀಟರಿನ ಮೇಲೆ ಕಾಲು ಕಿಲೋಕ್ಕಿಂತಲೂ ಕಡಿಮೆ ಭಾರ. ಅದಕ್ಕಿಂತ ಹೆಚ್ಚು ತೂಗುವ, ಟೈರುಗಳ ಸಣ್ಣ ಜಾಗದ ಮೇಲೆ ನಿಲ್ಲುವ ಯಂತ್ರದ ಒತ್ತಡ ಇದರ ಹಲವು ಪಟ್ಟು. ಹೀಗಾಗಿ ಮುಂಗಾರಿನ ಬೆಳೆಗೆ, ನೆಲ ಇನ್ನೂ ಮೆತ್ತಗಿರುವಾಗ, ಚೈನ್ ಯಂತ್ರವೇ ಸರಿ. ಟೈರ್ ಯಂತ್ರ ಹಸಿ ಎರೆಯಲ್ಲಿ ಬಿಟ್ಟುಹೋಗುವ ಆಳವಾದ ಗಾಲಿಜಾಡುಗಳನ್ನು ಮುಂದಿನ ಬೆಳೆಗೆ ಮಟ್ಟ ಮಾಡಿಸುವ ಖರ್ಚು ಬೇರೆ.

ಬೇಸಿಗೆ ಬೆಳೆಗೆ, ನೆಲ ಬಿರುಕು ಬಿಟ್ಟಿರುವಾಗ, ದೊಡ್ಡ ಮಡಿಗಳಿದ್ದರೆ ಟೈರ್ ಯಂತ್ರದ ಅಗಲ ಲಾಭಕ್ಕೆ ಬರುತ್ತದೆ.

ಎಷ್ಟು ಹೊತ್ತು ಹಿಡಿಯಬಹುದೆಂಬ ಲೆಕ್ಕವನ್ನು ಮುಂಚೆಯೇ ಹಾಕಿಕೊಳ್ಳಿ. ಎರಡು ಮೀಟರ್ ಅಗಲ ಕೊಯ್ಯುವ ಯಂತ್ರ ಗಂಟೆಗೆ 3 ಕಿ.ಮೀ. ವೇಗದಲ್ಲಿ ನಿಲ್ಲದೆ ಸಾಗಿದರೆ 6,000 ಚದರ ಮೀಟರ್, ಅಂದರೆ ಸುಮಾರು ಒಂದೂವರೆ ಎಕರೆ ಆಗುತ್ತದೆ. ತಿರುವು, ಟ್ಯಾಂಕ್ ಖಾಲಿ ಮಾಡುವುದು, ಸಿಕ್ಕು ಬಿಡಿಸುವುದು ಎಲ್ಲ ಕಳೆದರೆ ಗಂಟೆಗೆ ಒಂದು ಎಕರೆ ಎಂದು ಎಣಿಸುವುದು ವಾಸ್ತವಕ್ಕೆ ಹತ್ತಿರ. ಬಾಡಿಗೆ ಗಂಟೆಯ ಲೆಕ್ಕವಾದರೆ ಇದರಲ್ಲಿ ಯಾವ ನಿಲುಗಡೆಗೆ ಹಣ, ಯಾವುದಕ್ಕೆ ಇಲ್ಲ ಎಂಬುದನ್ನು ಯಂತ್ರ ಗದ್ದೆಗೆ ಇಳಿಯುವ ಮುನ್ನವೇ ಮಾತಾಡಿಕೊಂಡು, ಯಂತ್ರದ ಅವರ್ ಮೀಟರಿನ ಅಂಕಿಯನ್ನು ಇಬ್ಬರೂ ನೋಡಿ ಬರೆದುಕೊಳ್ಳಬೇಕು. ಎಕರೆ ಲೆಕ್ಕದ ಬಾಡಿಗೆಯಲ್ಲಿ ಚಾಲಕನಿಗೆ ಓಡಿಸುವ ಅವಸರ, ಗಂಟೆ ಲೆಕ್ಕದಲ್ಲಿ ರೈತನಿಗೆ ಓಡಿಸು ಎನ್ನುವ ಅವಸರ. ಎರಡರಲ್ಲಿಯೂ ನಷ್ಟವಾಗುವುದು ಕಾಳಿಗೆ ಎಂಬುದನ್ನು ಮರೆಯಬಾರದು.

ಎರಡನೆಯ ಹಂತ: ಗದ್ದೆಯನ್ನು ಸಿದ್ಧಪಡಿಸುವುದು

ಕೊಯ್ಲಿಗೆ 10ರಿಂದ 15 ದಿನ ಮುಂಚೆ ನೀರು ನಿಲ್ಲಿಸಿ, ಬದುವಿನ ತಗ್ಗಿನ ಕಡೆ ಬಾಯಿ ಬಿಡಿಸಿ ನಿಂತ ನೀರನ್ನು ಪೂರ್ತಿ ಬಸಿಯಬೇಕು. ಗಟ್ಟಿ ಎರೆಯಲ್ಲಿ 15 ದಿನದ ಕಡೆಗೇ ವಾಲುವುದು ಒಳ್ಳೆಯದು. ಮಡಿಯ ಒಳಗೆ ನಾಲ್ಕಾರು ಕಡೆ ನಡೆದು ಹಿಮ್ಮಡಿಯನ್ನು ಬಲವಾಗಿ ಊರಿ ನೋಡಿ. ಹಿಮ್ಮಡಿ ಒಂದೆರಡು ಬೆರಳಿನಷ್ಟು ಇಳಿದು ನಿಂತರೆ ಚೈನ್ ಯಂತ್ರಕ್ಕೆ ಅಡ್ಡಿಯಿಲ್ಲ, ಪಾದವೇ ಹೂತು ನೀರು ಒಸರಿದರೆ ಇನ್ನೂ ಕಾಯಬೇಕು. ಎಲ್ಲ ಕಡೆ ಗಟ್ಟಿಯಿದ್ದು ಒಂದು ಮೂಲೆ ಮಾತ್ರ ಕೆಸರಾಗಿದ್ದರೆ ಅಲ್ಲಿ ಕೋಲು ನೆಟ್ಟು ಬಟ್ಟೆ ಕಟ್ಟಿ, ಚಾಲಕನಿಗೆ ಮೊದಲೇ ತೋರಿಸಿ. ಅಷ್ಟು ಜಾಗವನ್ನು ಕೈಯಿಂದ ಕೊಯ್ಯುವ ಕೂಲಿ, ಹೂತ ಯಂತ್ರವನ್ನು ಎಳೆಸುವ ಖರ್ಚಿಗಿಂತ ಎಂದೂ ಕಡಿಮೆಯೇ.

ಯಂತ್ರ ಒಳಗೆ ಬರುವ ಕಡೆ ಹಾಗೂ ಮಡಿಯ ನಾಲ್ಕು ಮೂಲೆಗಳಲ್ಲಿ ಸುಮಾರು 3 ಮೀಟರ್ ಉದ್ದಗಲದಷ್ಟು ಬೆಳೆಯನ್ನು ಕುಡುಗೋಲಿನಿಂದ ಕೊಯ್ದಿಡಬೇಕು. ಇಲ್ಲವಾದರೆ ಯಂತ್ರ ತಿರುಗುವಾಗ ಅಷ್ಟೂ ಬೆಳೆ ಚೈನಿನ ಕೆಳಗೆ ಹೋಗುತ್ತದೆ. ಬದುವಿನ ಕಲ್ಲು, ಪಂಪ್‌ಸೆಟ್ಟಿನ ಪೈಪು, ಹಳೆಯ ತಂತಿ, ಹುಗಿದ ಗೂಟಗಳನ್ನು ತೆಗೆಸಿ ಅಥವಾ ಗುರುತು ಮಾಡಿ. ಬ್ಲೇಡಿಗೆ ಸಿಕ್ಕ ಕಲ್ಲು ಬ್ಲೇಡನ್ನಷ್ಟೇ ಹಾಳು ಮಾಡುತ್ತದೆ, ಡ್ರಮ್ಮಿಗೆ ಹೋದ ಕಬ್ಬಿಣದ ತುಂಡು ಕಾನ್‌ಕೇವ್ ಜಾಲರಿಯನ್ನೇ ಬಗ್ಗಿಸುತ್ತದೆ. ಹೊಲದ ಮೇಲೆ ಹಾದುಹೋಗುವ ಜೋತುಬಿದ್ದ ವಿದ್ಯುತ್ ತಂತಿಗಳನ್ನೂ ಈಗಲೇ ನೋಡಿಕೊಳ್ಳಬೇಕು. ಟ್ಯಾಂಕಿನ ಕಾಳು ಹೊರಹಾಕಲು ಎತ್ತಿದ ಪೈಪು ತಂತಿಗೆ ತಾಗಿದರೆ ಮುಂದಿನದನ್ನು ಹೇಳಬೇಕಾಗಿಲ್ಲ.

ಕೊಯ್ಲಿನ ಸಮಯ ಯಾವುದು? ತೆನೆಯ ಶೇಕಡಾ 80ರಿಂದ 85ರಷ್ಟು ಕಾಳು ಹುಲ್ಲಿನ ಬಣ್ಣಕ್ಕೆ ತಿರುಗಿ, ಬುಡದ ಕಾಳು ಗಟ್ಟಿಯಾಗಿದ್ದು, ತೇವಾಂಶ ಶೇಕಡಾ 20ರಿಂದ 24ರ ನಡುವೆ ಇದ್ದಾಗ ಯಂತ್ರಕ್ಕೆ ಹದ. ಅದಕ್ಕೂ ಹಸಿಯಾಗಿದ್ದರೆ ತೆನೆಯಲ್ಲಿ ಕಾಳು ಉಳಿಯುತ್ತದೆ. ತೀರಾ ಒಣಗಿದರೆ ರೀಲ್ ತಾಗಿದೊಡನೆ ಉದುರುತ್ತದೆ. ಬೇಸಿಗೆ ಬೆಳೆಯಲ್ಲಿ ಇನ್ನೊಂದು ಕಷ್ಟವಿದೆ: ಹಗಲಿನ ಬಿಸಿಗಾಳಿಗೆ ಒಣಗಿದ ಕಾಳು ರಾತ್ರಿಯ ತೇವವನ್ನು ಹೀರಿಕೊಂಡು ಒಳಗೇ ಸೀಳುತ್ತದೆ. ಹೊರಗಿನಿಂದ ನೋಡಿದರೆ ಏನೂ ಕಾಣಿಸುವುದಿಲ್ಲ. ಗಿರಣಿಯಲ್ಲಿ ನುಚ್ಚಾಗಿ ಬಂದಾಗ ಗೊತ್ತಾಗುತ್ತದೆ, ದರವೂ ಅದಕ್ಕೆ ತಕ್ಕಂತೆ ಇಳಿಯುತ್ತದೆ. ಆದ್ದರಿಂದ ಏಪ್ರಿಲ್ ಕೊನೆ, ಮೇ ತಿಂಗಳ ಕೊಯ್ಲಿನಲ್ಲಿ ಯಂತ್ರ ಸಿಗಲಿಲ್ಲವೆಂದು ವಾರಗಟ್ಟಲೆ ಬೆಳೆಯನ್ನು ನಿಲ್ಲಿಸುವುದು ದುಬಾರಿ. ಯಂತ್ರದ ಸರದಿಯನ್ನು ಮುಂಚೆಯೇ ಗೊತ್ತು ಮಾಡಿಕೊಳ್ಳಬೇಕು. ಸರ್ಕಾರದ ಕೃಷಿ ಯಂತ್ರಧಾರೆ ಯೋಜನೆಯ ಬಾಡಿಗೆ ಕೇಂದ್ರಗಳಲ್ಲೂ ವಿಚಾರಿಸಿ ನೋಡಬಹುದು.

ಮೂರನೆಯ ಹಂತ: ಹಂಗಾಮಿಗೆ ಮುಂಚಿನ ತಪಾಸಣೆ

ಇದು ಮಾಲೀಕರ ಕೆಲಸ. ಕೊಯ್ಲು ಶುರುವಾಗುವ ಮೂರ್ನಾಲ್ಕು ವಾರ ಮುಂಚೆಯೇ ಮಾಡಬೇಕು, ಏಕೆಂದರೆ ಹಂಗಾಮು ಆರಂಭವಾದ ಮೇಲೆ ಸಿಂಧನೂರಿನಲ್ಲಾಗಲಿ ಗಂಗಾವತಿಯಲ್ಲಾಗಲಿ ಒಂದು ಬೆಲ್ಟಿಗೂ ಸಾಲು ನಿಲ್ಲಬೇಕಾಗುತ್ತದೆ.

ಎಂಜಿನ್ನಿನಿಂದ ಆರಂಭಿಸಿ. ಆಯಿಲ್ ಮತ್ತು ಆಯಿಲ್ ಫಿಲ್ಟರನ್ನು ಕೈಪಿಡಿ ಹೇಳಿದ ಗಂಟೆಗಳಿಗೆ ಬದಲಾಯಿಸಿ. ಗಂಟೆ ತುಂಬದಿದ್ದರೂ ಹಂಗಾಮಿಗೊಮ್ಮೆ ಬದಲಾಯಿಸುವುದು ಜಾಣತನ. ಡೀಸೆಲ್ ಫಿಲ್ಟರಿನ ಕೆಳಗಿನ ಬಟ್ಟಲಿನಲ್ಲಿ ನೀರು ಕಂಡರೆ ಬಸಿದು, ನಂತರ ಪೈಪಿನ ಗಾಳಿ ತೆಗೆಯಿರಿ. ಏರ್ ಫಿಲ್ಟರಿನಲ್ಲಿ ಹೊರಗಿನದು ಮತ್ತು ಒಳಗಿನದು ಎಂದು ಎರಡು ಪದರಗಳಿರುತ್ತವೆ. ಹೊರಗಿನದನ್ನು ಒಳಗಿನಿಂದ ಹೊರಕ್ಕೆ ಗಾಳಿ ಊದಿ ಸ್ವಚ್ಛಗೊಳಿಸಬಹುದು. ಒತ್ತಡ 30 ಪಿ.ಎಸ್.ಐ. ಮೀರಬಾರದು, ಮೀರಿದರೆ ಕಾಗದ ಸೀಳುತ್ತದೆ. ಒಳಗಿನ ಸೇಫ್ಟಿ ಪದರವನ್ನು ಊದಬಾರದು, ತೊಳೆಯಬಾರದು, ಕೊಳೆಯಾದರೆ ಬದಲಾಯಿಸಬೇಕು. ಫಿಲ್ಟರನ್ನು ನೆಲಕ್ಕೆ ಬಡಿದು ಧೂಳು ಕೊಡವುವ ಅಭ್ಯಾಸ ಎಲ್ಲೆಲ್ಲೂ ಇದೆ. ಅಂಚು ನೆಗ್ಗಿದ ಫಿಲ್ಟರ್ ಕೂಡುವಲ್ಲಿ ಸಂದು ಬಿಟ್ಟು, ಆ ಸಂದಿನಿಂದ ನುಗ್ಗಿದ ಧೂಳು ಪಿಸ್ಟನ್ ರಿಂಗನ್ನು ತಿಂದುಹಾಕುತ್ತದೆ.

ರೇಡಿಯೇಟರಿನ ಮುಂದಿನ ಜಾಲರಿಯಲ್ಲಿ ತೂತಿಲ್ಲವೆಂದು ಖಚಿತಪಡಿಸಿಕೊಳ್ಳಿ. ಫ್ಯಾನ್ ಬೆಲ್ಟನ್ನು ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಒಂದರಿಂದ ಒಂದೂವರೆ ಸೆಂಟಿಮೀಟರಿನಷ್ಟು ತಗ್ಗಬೇಕು. ಕೂಲೆಂಟನ್ನು ತಂಪಾದ ಎಂಜಿನ್ನಿನಲ್ಲಿ ಮಾತ್ರ ನೋಡಿ. ಕೊಳವೆಬಾವಿಯ ನೀರು ತುಂಬಬೇಡಿ, ಈ ಭಾಗದ ಗಡಸು ನೀರು ರೇಡಿಯೇಟರಿನ ಕೊಳವೆಗಳಲ್ಲಿ ಸುಣ್ಣ ಕಟ್ಟುತ್ತದೆ.

ಕಟರ್ ಬಾರಿನ ಮೊಂಡಾದ, ಮುರಿದ ಬ್ಲೇಡುಗಳನ್ನು ಬದಲಾಯಿಸಿ. ಬ್ಲೇಡು ಒಂದು ಬದಿಯ ಕೊನೆಗೆ ಸರಿದಾಗ ಅದರ ನಡುಗೆರೆ ಬೆರಳಿನ, ಅಂದರೆ ಗಾರ್ಡಿನ, ನಡುಗೆರೆಗೆ ಸರಿಯಾಗಿ ಬರಬೇಕು. ಬಾರದಿದ್ದರೆ ಬೆಳೆ ಕತ್ತರಿಸುವ ಬದಲು ಜಗ್ಗುತ್ತದೆ. ಡ್ರಮ್ಮಿನ ಸವೆದ ಹಲ್ಲುಗಳನ್ನು ಬದಲಾಯಿಸುವಾಗ ಎದುರುಬದುರಿನ ಜೋಡಿಯನ್ನು ಒಟ್ಟಿಗೇ ಬದಲಾಯಿಸದಿದ್ದರೆ ತೂಕ ಏರುಪೇರಾಗಿ ಡ್ರಮ್ ನಡುಗುತ್ತದೆ, ಬೇರಿಂಗ್ ಹೋಗುತ್ತದೆ. ಚೈನ್ ಪಟ್ಟಿಯ ಬಿಗಿಯನ್ನು ಯಂತ್ರವನ್ನು ಜಾಕಿನ ಮೇಲೆ ಎತ್ತಿ ಕೈಪಿಡಿಯಂತೆ ನೋಡಬೇಕು. ಸಡಿಲವಾದರೆ ತಿರುವಿನಲ್ಲಿ ಕಳಚುತ್ತದೆ, ಅತಿ ಬಿಗಿಯಾದರೆ ರೋಲರ್ ಸವೆಯುತ್ತದೆ.

ನಾಲ್ಕನೆಯ ಹಂತ: ಗದ್ದೆಗೆ ಇಳಿಯುವ ಮುನ್ನ

ಹಿಂದಿನ ಹೊಲದ ಕಾಳು ಯಂತ್ರದೊಳಗೆ ಉಳಿದಿರುತ್ತದೆ. ಟ್ಯಾಂಕಿನ ತಳದ, ಕಾಳನ್ನು ಟ್ಯಾಂಕಿಗೆ ಏರಿಸುವ ಎಲಿವೇಟರಿನ ಮತ್ತು ಆಗರಿನ ಕೆಳಗಿನ ಮುಚ್ಚಳಗಳನ್ನು ತೆರೆದು, ಮುಚ್ಚಳ ತೆರೆದಿರುವಾಗ ಯಾರೂ ಹತ್ತಿರ ಕೈ ಒಡ್ಡದಂತೆ ನೋಡಿಕೊಂಡು, ಖಾಲಿ ಯಂತ್ರವನ್ನು ಒಂದೆರಡು ನಿಮಿಷ ಓಡಿಸಿ ಉದುರಿಸಬೇಕು. ನಿಮ್ಮದು ಬೀಜದ ಪ್ಲಾಟ್ ಆಗಿದ್ದರೆ ಇದನ್ನು ಬಿಡುವಂತೆಯೇ ಇಲ್ಲ: ಆರ್‌ಎನ್‌ಆರ್ ತಳಿಯ ಭತ್ತ ಕೊಯ್ದು ಬಂದ ಯಂತ್ರ ಬಿಪಿಟಿ 5204 ತಳಿಯ ಹೊಲಕ್ಕೆ ನೇರ ಇಳಿದರೆ ಮೊದಲ ಚೀಲಗಳಲ್ಲೇ ಬೆರಕೆ. ಕಾಡುಭತ್ತ, ಕಳೆಬೀಜಗಳು ಊರಿಂದೂರಿಗೆ ಸಾಗುವುದೂ ಹೀಗೆಯೇ.

ಡ್ರಮ್ ಮತ್ತು ಕಾನ್‌ಕೇವ್ ನಡುವಿನ ಅಂತರವನ್ನು ಯಂತ್ರದ ಕೈಪಿಡಿ ಭತ್ತಕ್ಕೆ ಹೇಳಿದಷ್ಟಕ್ಕೆ ಇಟ್ಟು ಆರಂಭಿಸಿ. ಜರಡಿಯನ್ನು ಅರ್ಧ ತೆರೆದು, ಗಾಳಿಯನ್ನು ನಡುಮಟ್ಟದಲ್ಲಿಡಿ. ಇವು ಆರಂಭದ ಗುರುತುಗಳಷ್ಟೇ. ನಿಜವಾದ ಹದ ಮೊದಲ 20 ಮೀಟರ್ ಕೊಯ್ದ ಮೇಲೆ ತಿಳಿಯುತ್ತದೆ.

ಐದನೆಯ ಹಂತ: ಓಡಿಸುವುದು

ಬೆಳಗಿನ ಇಬ್ಬನಿ ಆರುವವರೆಗೆ ಕಾಯಿರಿ. ಡಿಸೆಂಬರಿನಲ್ಲಿ ಅದು ಒಂಬತ್ತು, ಹತ್ತು ಗಂಟೆ ಆಗಬಹುದು. ಒದ್ದೆ ಹುಲ್ಲು ಡ್ರಮ್ಮಿಗೆ ಸುತ್ತಿಕೊಳ್ಳುತ್ತದೆ, ಒದ್ದೆ ಹೊಟ್ಟು ಜರಡಿಯನ್ನು ಮುಚ್ಚುತ್ತದೆ.

ಇನ್ನು ಈ ಮಾರ್ಗದರ್ಶಿಯ ಮುಖ್ಯ ಮಾತು. ಕೊಯ್ಯುವಷ್ಟು ಹೊತ್ತೂ ಎಂಜಿನ್ ತನ್ನ ನಿಗದಿತ ಪೂರ್ತಿ ಸುತ್ತಿನಲ್ಲೇ ಇರಬೇಕು. ಬೆಳೆ ದಟ್ಟವಾಗಿದೆ, ಯಂತ್ರ ಹಿಡಿಯುತ್ತಿದೆ ಎಂದಾಗ ಹಲವರು ಥ್ರಾಟಲ್ ಇಳಿಸುತ್ತಾರೆ. ಡೀಸೆಲ್ ಉಳಿಯುತ್ತದೆ ಎಂದು ಮೊದಲಿನಿಂದಲೇ ಇಳಿಸಿ ಓಡಿಸುವವರೂ ಇದ್ದಾರೆ. ಇದರಿಂದ ಆಗುವುದನ್ನು ಲೆಕ್ಕ ಹಾಕಿ ನೋಡೋಣ. 60 ಸೆಂ.ಮೀ. ವ್ಯಾಸದ ಡ್ರಮ್ ನಿಮಿಷಕ್ಕೆ 600 ಸುತ್ತು ತಿರುಗಿದರೆ ಅದರ ಹಲ್ಲಿನ ತುದಿಯ ವೇಗ ಸೆಕೆಂಡಿಗೆ ಸುಮಾರು 19 ಮೀಟರ್. ಇದು ಭತ್ತಕ್ಕೆ ಸಾಕಷ್ಟು ಹೊಂದುವ ವೇಗ. ಥ್ರಾಟಲನ್ನು ಐದರಲ್ಲಿ ಒಂದು ಪಾಲು ಇಳಿಸಿದರೆ ಅದು 15 ಮೀಟರಿಗೆ ಇಳಿದು ತೆನೆಯಲ್ಲಿ ಕಾಳು ಉಳಿಯತೊಡಗುತ್ತದೆ. ಅಷ್ಟೇ ಅಲ್ಲ, ಬ್ಲೋವರ್ ಕೂಡ ಅದೇ ಎಂಜಿನ್ನಿಗೆ ಕಟ್ಟಿದ್ದು. ಗಾಳಿಯ ಒತ್ತಡ ಸುತ್ತಿನ ವರ್ಗಕ್ಕೆ ತಕ್ಕಂತೆ ಬದಲಾಗುವುದರಿಂದ, ಸುತ್ತು ಶೇಕಡಾ 20 ಇಳಿದರೆ ಒತ್ತಡ ಶೇಕಡಾ 36ರಷ್ಟು ಇಳಿಯುತ್ತದೆ. ಜರಡಿಯ ಅಲುಗಾಟ, ಎಲಿವೇಟರಿನ ಓಟ ಎಲ್ಲವೂ ಕುಗ್ಗುತ್ತವೆ. ಒಂದು ಲಿವರ್ ಇಳಿಸಿದ್ದಕ್ಕೆ ಯಂತ್ರದ ಎಲ್ಲ ಹದವೂ ಒಟ್ಟಿಗೆ ಕೆಡುತ್ತದೆ.

ಆದ್ದರಿಂದ ನಿಧಾನ ಮಾಡಬೇಕಾದಾಗ ಸಾಗುವ ವೇಗವನ್ನು ಮಾತ್ರ ಇಳಿಸಿ: ಹೈಡ್ರೋಸ್ಟಾಟಿಕ್ ಲಿವರ್ ಇರುವ ಯಂತ್ರದಲ್ಲಿ ಆ ಲಿವರಿನಿಂದ, ಇಲ್ಲದಿದ್ದರೆ ಗೇರಿನಿಂದ. ಬೆಳೆ ತೀರಾ ದಟ್ಟವಾಗಿದ್ದರೆ ಕೊಯ್ಯುವ ಅಗಲದ ಮುಕ್ಕಾಲು ಪಾಲಿಗೆ ಮಾತ್ರ ಬೆಳೆ ಕೊಡಿ, ಅಥವಾ ಕಟರ್ ಬಾರನ್ನು ಸ್ವಲ್ಪ ಎತ್ತಿ. ಒಳಗೆ ಹೋಗುವ ಹುಲ್ಲು ಕಡಿಮೆಯಾದಷ್ಟೂ ಡ್ರಮ್ಮಿನ ಹೊರೆ ಇಳಿಯುತ್ತದೆ. ದನಗಳಿಗೆ ಉದ್ದ ಹುಲ್ಲು ಬೇಕೆಂದು ನೆಲಕ್ಕೆ ಹತ್ತಿಸಿ ಕೊಯ್ಯಲು ಹೇಳುವವರು, ಅದಕ್ಕೆ ಯಂತ್ರ ನಿಧಾನವಾಗಿ ಸಾಗಬೇಕಾಗುತ್ತದೆ ಎಂಬುದನ್ನೂ ಒಪ್ಪಿಕೊಳ್ಳಬೇಕು.

ಮಡಿಯ ಅಂಚಿನಲ್ಲಿ, ಕೊಯ್ಯುವುದು ಮುಗಿದರೂ ಡ್ರಮ್ಮಿನಲ್ಲಿ ಇನ್ನೂ ಬೆಳೆ ಇರುತ್ತದೆ. ಅದು ಖಾಲಿಯಾಗುವವರೆಗೆ ಸುತ್ತು ಇಳಿಸದೆ ಆಮೇಲೆ ತಿರುಗಬೇಕು. ರೀಲಿನ ವೇಗ ಯಂತ್ರ ಸಾಗುವ ವೇಗಕ್ಕಿಂತ ಸ್ವಲ್ಪವೇ ಹೆಚ್ಚಿರಲಿ, ಕಾಲು ಪಾಲಿನಿಂದ ಅರ್ಧ ಪಾಲಿನಷ್ಟು. ಅದಕ್ಕೂ ಹೆಚ್ಚಾದರೆ ರೀಲೇ ತೆನೆ ಬಡಿದು ಕಾಳು ಉದುರಿಸುತ್ತದೆ.

ಆರನೆಯ ಹಂತ: ಹಿಂದಿನ ನೆಲವನ್ನು ನೋಡುವುದು

ಯಂತ್ರವನ್ನು ಮಡಿಯ ನಡುವೆ ನಿಲ್ಲಿಸಿ. ಒಳಗಿನ ಬೆಳೆ ಹೊರಬಿದ್ದ ಮೇಲೆ ನಾಲ್ಕೈದು ಮೀಟರ್ ಹಿಂದಕ್ಕೆ ತಂದು, ಎಂಜಿನ್ ಆರಿಸಿ, ಮೂರು ಕಡೆ ನೆಲ ನೋಡಬೇಕು.

ಮೊದಲು ಇನ್ನೂ ಕೊಯ್ಯದ ಬೆಳೆಯ ಬುಡ. ಅಲ್ಲಿ ಬಿದ್ದ ಕಾಳು ಯಂತ್ರದ ತಪ್ಪಲ್ಲ. ಬಲಿತು ಉದುರಿದ್ದು, ಹಕ್ಕಿ ಕೆಡವಿದ್ದು. ಆಮೇಲೆ ಕೊಯ್ದಿರುವ, ಆದರೆ ಹುಲ್ಲು ಬೀಳದ ಜಾಗ, ಅಂದರೆ ಹಿಂದೆ ತರುವ ಮುನ್ನ ಯಂತ್ರ ನಿಂತಿದ್ದ ತಾಣ. ಅಲ್ಲಿ ಹೆಚ್ಚಾಗಿ ಕಂಡದ್ದು ರೀಲ್ ಮತ್ತು ಬ್ಲೇಡಿನ ನಷ್ಟ. ಕೊನೆಗೆ ಹುಲ್ಲು ಬಿದ್ದ ಜಾಗ. ಕೊಯ್ದ ಪೂರ್ತಿ ಅಗಲ, ಎರಡು ಮೀಟರ್ ಎನ್ನೋಣ, ಅರ್ಧ ಮೀಟರ್ ಉದ್ದ ಹಗ್ಗ ಹಾಕಿದರೆ ಒಂದು ಚದರ ಮೀಟರ್ ಆಯಿತು. ಹುಲ್ಲನ್ನು ಮೆಲ್ಲಗೆ ಕೊಡವಿ ಎತ್ತಿ, ನೆಲದ ಕಾಳು, ಹುಲ್ಲಿನ ತೆನೆಯಲ್ಲೇ ಉಳಿದ ಕಾಳು ಎರಡನ್ನೂ ಬೇರೆಬೇರೆಯಾಗಿ ಆರಿಸಿ.

ಎಕರೆಗೆ 75 ಕಿಲೋದ 37 ಚೀಲ ಇಳುವರಿ ಎಂದುಕೊಂಡರೆ ಒಂದು ಚದರ ಮೀಟರಿನಲ್ಲಿ ಸುಮಾರು 690 ಗ್ರಾಂ ಭತ್ತವಿರುತ್ತದೆ. ಶೇಕಡಾ ಒಂದು ನಷ್ಟವೆಂದರೆ 7 ಗ್ರಾಂ. ಸೋನಾ ಮಸೂರಿಯಂಥ ಸಣ್ಣ ಭತ್ತದ ಸಾವಿರ ಕಾಳು ಸುಮಾರು 15 ಗ್ರಾಂ ತೂಗುವುದರಿಂದ, ಅದು ಹೆಚ್ಚುಕಡಿಮೆ 450 ಕಾಳು. ನೆಲದ ಮೇಲೆ 450 ಕಾಳು ಕಂಡರೆ ಯಾರಿಗಾದರೂ ಎದೆ ಧಸಕ್ಕೆನ್ನುತ್ತದೆ. ಆದರೆ ಚಾಲಕನ ಮೇಲೆ ಕೂಗಾಡುವ ಮುನ್ನ ಈ ಲೆಕ್ಕ ನೆನಪಿರಲಿ. ಒಟ್ಟು ನಷ್ಟ ಶೇಕಡಾ 2ರಿಂದ 3ರ ಒಳಗಿದ್ದರೆ ಯಂತ್ರ ಹದದಲ್ಲಿದೆ. ಶೇಕಡಾ 3 ಎಂದರೆ ಎಕರೆಗೆ ಒಂದು ಚೀಲಕ್ಕಿಂತ ತುಸು ಹೆಚ್ಚು. ಅದನ್ನು ಮೀರಿದರೆ ಹದ ತಿದ್ದಲೇಬೇಕು.

ಏನನ್ನು ತಿದ್ದಬೇಕು ಎಂಬುದು ಯಾವ ಬಗೆಯ ಕಾಳು ಸಿಕ್ಕಿತು ಎಂಬುದರ ಮೇಲೆ ನಿಂತಿದೆ. ತೆನೆಯಲ್ಲೇ ಕಾಳು ಉಳಿದಿದ್ದರೆ ಬಡಿತ ಸಾಲದು: ಮೊದಲು ಎಂಜಿನ್ ಪೂರ್ತಿ ಸುತ್ತಿನಲ್ಲಿದೆಯೇ, ಡ್ರಮ್ ಬೆಲ್ಟ್ ಜಾರುತ್ತಿದೆಯೇ ನೋಡಿ, ಎರಡೂ ಸರಿಯಿದ್ದರೆ ಕಾನ್‌ಕೇವ್ ಅಂತರವನ್ನು ಸ್ವಲ್ಪ ತಗ್ಗಿಸಿ. ಬಿಡಿ ಕಾಳು ಹುಲ್ಲಿನೊಳಗೆ ಸಿಕ್ಕಿ ಹಿಂದೆ ಬಿದ್ದಿದ್ದರೆ ಯಂತ್ರ ಅರಗಿಸಿಕೊಳ್ಳಲಾರದಷ್ಟು ವೇಗವಾಗಿ ಸಾಗುತ್ತಿದೆ. ವೇಗ ಇಳಿಸುವುದೊಂದೇ ಮದ್ದು. ಗಟ್ಟಿ ಕಾಳು ಹೊಟ್ಟಿನೊಂದಿಗೆ ಹಾರಿಬಿದ್ದಿದ್ದರೆ ಗಾಳಿ ಹೆಚ್ಚಾಗಿದೆ, ಅಥವಾ ಜರಡಿ ಮುಚ್ಚಿಕೊಂಡಿದೆ.

ಬಳಿಕ ಟ್ಯಾಂಕಿನೊಳಗಿಂದ ಒಂದು ಬೊಗಸೆ ಕಾಳು ತೆಗೆದು ಅಂಗೈಯಲ್ಲಿ ಹರಡಿ ನೋಡಿ. ಸಿಪ್ಪೆ ಸುಲಿದು ಅಕ್ಕಿಯಾಗಿರುವುದು, ಮುರಿದದ್ದು ಅಲ್ಲಲ್ಲಿ ಒಂದೆರಡು ಇದ್ದರೆ ಚಿಂತೆಯಿಲ್ಲ. ಕಣ್ಣಿಗೆ ಹೊಡೆಯುವಷ್ಟಿದ್ದರೆ ಬಡಿತ ಅತಿಯಾಗಿದೆ, ಕಾನ್‌ಕೇವ್ ಅಂತರ ಹೆಚ್ಚಿಸಿ. ಹೊಟ್ಟು, ಹುಲ್ಲಿನ ತುಂಡು ಬಹಳವಿದ್ದರೆ ಗಾಳಿ ಹೆಚ್ಚಿಸಿ ಅಥವಾ ಜರಡಿಯನ್ನು ಸ್ವಲ್ಪ ಮುಚ್ಚಿ. ಒಮ್ಮೆಗೆ ಒಂದೇ ಹದ ಬದಲಾಯಿಸಿ, ಮತ್ತೆ 20 ಮೀಟರ್ ಕೊಯ್ದು ಮತ್ತೆ ನೋಡಬೇಕು. ಎರಡು ಮೂರನ್ನು ಒಟ್ಟಿಗೆ ತಿರುಗಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಮಧ್ಯಾಹ್ನ ಬಿಸಿಲೇರಿ ಬೆಳೆ ಒಣಗಿದಾಗ ಬೆಳಗಿನ ಹದ ಸುಳ್ಳಾಗುವುದರಿಂದ ಇದೇ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಬೇಕು. ಹಕ್ಕಲು ಆಯಲು ಬರುವ ಹೆಂಗಸರನ್ನು ಕೇಳಿದರೂ ಸಾಕು. ಯಾವ ಯಂತ್ರದ ಹಿಂದೆ ಮೊರ ಬೇಗ ತುಂಬುತ್ತದೆ ಎಂಬುದು ಅವರಿಗೆ ಗೊತ್ತಿರುತ್ತದೆ.

ಬಿದ್ದ ಬೆಳೆ, ಹೂತ ಯಂತ್ರ

ಗಾಳಿಮಳೆಗೆ ಮಲಗಿದ ಬೆಳೆಯನ್ನು ಅದು ವಾಲಿದ ದಿಕ್ಕಿಗೆ ಎದುರಿನಿಂದ ಅಥವಾ ಅಡ್ಡದಿಂದ ಕೊಯ್ಯಬೇಕು. ರೀಲನ್ನು ಮುಂದಕ್ಕೆ ಚಾಚಿ, ಕೆಳಗಿಳಿಸಿ, ಅದರ ಮುಳ್ಳುಗಳನ್ನು ಹಿಂದಕ್ಕೆ ವಾಲಿಸಿದರೆ ತೆನೆ ಮೇಲೇಳುತ್ತದೆ. ವೇಗ ಅರ್ಧಕ್ಕೆ ಇಳಿಯುತ್ತದೆ, ಬಾಡಿಗೆಯ ಗಂಟೆ ಏರುತ್ತದೆ, ಬೇರೆ ದಾರಿಯಿಲ್ಲ. ಯಂತ್ರ ಹೂತರೆ ಚೈನನ್ನು ಅಲ್ಲಿಯೇ ತಿರುಗಿಸುತ್ತ ಹೋಗಬೇಡಿ, ಇನ್ನಷ್ಟು ಇಳಿಯುತ್ತದೆ. ಮೊದಲು ಟ್ಯಾಂಕ್ ಖಾಲಿ ಮಾಡಿ, ಚೈನಿನ ಮುಂದೆ ಹಲಗೆ ಕೊಟ್ಟು, ಎಳೆಯಬೇಕಾದರೆ ಚಾಸಿಯ ಕೊಕ್ಕೆಗೆ ಮಾತ್ರ ಹಗ್ಗ ಕಟ್ಟಿ. ಕಟರ್ ಬಾರಿಗಾಗಲಿ ಕಾಳಿನ ಪೈಪಿಗಾಗಲಿ ಕಟ್ಟಬಾರದು.

ಅಪಾಯಗಳು

ಡ್ರಮ್ ಅಥವಾ ಆಗರ್ ಸಿಕ್ಕಿಕೊಂಡಾಗ ಎಂಜಿನ್ ಆರಿಸಿ, ಕೀಲಿ ತೆಗೆದು ಕಿಸೆಯಲ್ಲಿಟ್ಟುಕೊಂಡು, ಎಲ್ಲ ಗಾಲಿಗಳೂ ನಿಂತಿವೆಯೆಂದು ಕಣ್ಣಾರೆ ನೋಡಿದ ಮೇಲೆಯೇ ಕೈ ಹಾಕಬೇಕು. ಕ್ಲಚ್ ಬಿಡಿಸಿದರೂ ಡ್ರಮ್ ತನ್ನ ಭಾರಕ್ಕೆ ಇನ್ನೂ ಸುತ್ತುತ್ತಿರುತ್ತದೆ. ಲುಂಗಿ, ಹೆಗಲ ಮೇಲಿನ ಟವಲ್, ಸಡಿಲ ತೋಳು ಇವಾವುವೂ ಯಂತ್ರದ ಹತ್ತಿರ ಬರಕೂಡದು. ಎತ್ತಿದ ಕಟರ್ ಬಾರಿನ ಕೆಳಗೆ ಹೋಗುವ ಮುನ್ನ ಅದರ ಲಾಕ್ ಹಾಕಿ. ಹೈಡ್ರಾಲಿಕ್ ಪೈಪು ಒಡೆದರೆ ಅದು ಕಣ್ಣುಮಿಟುಕಿಸುವಷ್ಟರಲ್ಲಿ ಕೆಳಗಿರುತ್ತದೆ. ಹಕ್ಕಲು ಆಯುವವರು ಮತ್ತು ಮಕ್ಕಳು ಯಂತ್ರ ಹಿಂದೆ ಸರಿಯುವ ಜಾಗದಿಂದ ದೂರವಿರಲಿ, ಅದಕ್ಕೆಂದೇ ಒಬ್ಬರನ್ನು ನಿಲ್ಲಿಸಿ.

ಬೇಸಿಗೆಯಲ್ಲಿ ಬೆಂಕಿಯ ಭಯ ಹೆಚ್ಚು. ಸೈಲೆನ್ಸರ್ ಮತ್ತು ಟರ್ಬೋ (ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಭಾಗ) ಸುತ್ತ ಕೂರುವ ಒಣ ಹೊಟ್ಟೇ ಮೂಲ. ಪ್ರತಿ ಬಾರಿ ಟ್ಯಾಂಕ್ ಖಾಲಿ ಮಾಡುವಾಗ ಅಲ್ಲೊಮ್ಮೆ ಪೊರಕೆ ಆಡಿಸಿ. ಪುಡಿಯ ಅಗ್ನಿಶಾಮಕ ಸಿಲಿಂಡರ್ ಕೈಗೆ ಸಿಗುವಂತಿರಲಿ.

ದಿನದ ಕೊನೆಯ ಕೆಲಸ, ಕಾಳಿನ ಕೆಲಸ

ಕೆಲಸ ಮುಗಿದ ಕೂಡಲೇ ಎಂಜಿನ್ ಆರಿಸಬೇಡಿ. ಮೂರರಿಂದ ಐದು ನಿಮಿಷ ಸಣ್ಣ ಸುತ್ತಿನಲ್ಲಿ ಬಿಟ್ಟರೆ ಟರ್ಬೋ ತಣಿಯುತ್ತದೆ. ಡೀಸೆಲ್ ಟ್ಯಾಂಕನ್ನು ಸಂಜೆಯೇ ತುಂಬಿಸಿದರೆ ರಾತ್ರಿ ಒಳಗೆ ನೀರು ಹನಿಗಟ್ಟುವುದು ತಪ್ಪುತ್ತದೆ. ರೇಡಿಯೇಟರ್ ಜಾಲರಿ, ಏರ್ ಫಿಲ್ಟರಿನ ಧೂಳಿನ ಬಟ್ಟಲು, ಗ್ರೀಸ್ ನಿಪ್ಪಲ್‌ಗಳು ನಿತ್ಯದ ಕೆಲಸ. ಬೇರಿಂಗುಗಳನ್ನು ಕೈಯಿಂದ ಮುಟ್ಟಿ ನೋಡಿದಾಗ ಉಳಿದವಕ್ಕಿಂತ ಹೆಚ್ಚು ಬಿಸಿಯಿರುವುದು ನಾಳೆ ಕೈಕೊಡುವ ಬೇರಿಂಗ್.

ಶೇಕಡಾ 22 ತೇವದ ಭತ್ತವನ್ನು ರಾಶಿಯಲ್ಲೇ ಬಿಟ್ಟರೆ ಒಂದು ದಿನದೊಳಗೆ ಕಾವು ಹಿಡಿಯುತ್ತದೆ, ಅಕ್ಕಿ ಹಳದಿಗೆ ತಿರುಗುತ್ತದೆ. ತಾಡಪಾಲಿನ ಮೇಲೆ ಎರಡರಿಂದ ನಾಲ್ಕು ಸೆಂಟಿಮೀಟರ್ ದಪ್ಪಕ್ಕೆ ಹರಡಿ ಅರ್ಧ ಗಂಟೆಗೊಮ್ಮೆ ಕೈಯಾಡಿಸಿ. ಡಾಂಬರು ರಸ್ತೆಯ ಮೇಲೆ ಹರಡುವುದರಿಂದ ಬೈಕಿನವರು ಜಾರಿ ಬೀಳುತ್ತಾರೆ, ಕಾಳೂ ಸೀಳುತ್ತದೆ. ಬೆಂಬಲ ಬೆಲೆಯ ಖರೀದಿಗೆ ತೇವಾಂಶ ಶೇಕಡಾ 17 ಮೀರುವಂತಿಲ್ಲ. ದಾಸ್ತಾನಿಗೆ ಶೇಕಡಾ 14 ಇರಬೇಕು. ಶೇಕಡಾ 22 ತೇವದ 100 ಕಿಲೋ ಭತ್ತ ಶೇಕಡಾ 17ಕ್ಕೆ ಬಂದಾಗ 94 ಕಿಲೋ ಮಾತ್ರ ಉಳಿಯುತ್ತದೆ, ಆ 6 ಕಿಲೋ ನೀರು. ಹಸಿ ಭತ್ತವನ್ನು ಹೊಲದಲ್ಲೇ ಮಾರುವಾಗ ಈ ಲೆಕ್ಕ ಇಟ್ಟುಕೊಂಡು ದರ ಮಾತಾಡಬೇಕು.

ಕೊನೆಯ ಹಂತ: ಶೆಡ್ಡಿಗೆ ಸೇರಿಸುವುದು

ಎರಡನೆಯ ಬೆಳೆಗೆ ನೀರು ಬಿಡುವುದೋ ಬೇಡವೋ ಎಂಬುದು ಜಲಾಶಯದ ಸ್ಥಿತಿ ನೋಡಿ ತೀರ್ಮಾನವಾಗುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ಇಡೀ ಅಚ್ಚುಕಟ್ಟಿಗೆ ಬೆಳೆಯ ಬಗ್ಗೆಯೇ ಆತಂಕವಾಗಿತ್ತು. ಯಂತ್ರ ಎಷ್ಟು ತಿಂಗಳು ನಿಲ್ಲಬೇಕಾದೀತೆಂದು ಮೊದಲೇ ಹೇಳಲಾಗದ ಕಾರಣ, ನಿಲ್ಲಿಸಿದಾಗಲೆಲ್ಲ ದೀರ್ಘಕಾಲಕ್ಕೇ ಎಂಬಂತೆ ಸಿದ್ಧಪಡಿಸಬೇಕು.

ಒಳಗಿನ ಕಾಳು ಮತ್ತು ಹುಲ್ಲನ್ನು ಪೂರ್ತಿ ತೆಗೆಯಿರಿ. ಉಳಿದ ಕಾಳು ಇಲಿಗಳನ್ನು ಕರೆಯುತ್ತದೆ, ಇಲಿಗಳು ವೈರಿಂಗನ್ನು ಕಡಿಯುತ್ತವೆ. ಚೈನಿನ ಕೆಸರನ್ನು ತೊಳೆದು ಒಣಗಿಸಿ, ಎಂಜಿನ್ನಿನ ವಿದ್ಯುತ್ ಭಾಗಗಳಿಗೆ ನೀರು ಹಾರಿಸದಿರಿ. ಬ್ಲೇಡು ಮತ್ತು ಸರಪಳಿಗಳಿಗೆ ಆಯಿಲ್ ಸವರಿ, ಬೆಲ್ಟುಗಳ ಬಿಗಿ ಸಡಿಲಿಸಿ, ಕಟರ್ ಬಾರನ್ನು ಹಲಗೆಯ ಮೇಲೆ ಇಳಿಸಿ. ರಬ್ಬರ್ ಪಟ್ಟಿ ಬಿಸಿಲಿಗೆ ಬಿರಿಯುವುದರಿಂದ ಯಂತ್ರ ನೆರಳಿನಲ್ಲಿ, ಹಲಗೆಗಳ ಮೇಲೆ ನಿಂತಿರಲಿ. ಬ್ಯಾಟರಿಯ ಮೈನಸ್ ತಂತಿಯನ್ನು ಮೊದಲು ಬಿಚ್ಚಿ, ಬ್ಯಾಟರಿಯನ್ನು ತಿಂಗಳಿಗೊಮ್ಮೆ ಚಾರ್ಜ್ ಮಾಡಿಸಿ, ಸೈಲೆನ್ಸರಿನ ಬಾಯಿಗೆ ಡಬ್ಬಿ ಮುಚ್ಚಿ. ಬದಲಾಯಿಸಬೇಕಾದ ಬೇರಿಂಗ್, ಬೆಲ್ಟ್, ಬ್ಲೇಡುಗಳ ನಂಬರನ್ನು ನೆನಪಿರುವಾಗಲೇ ಬರೆದಿಟ್ಟು, ಅಂಗಡಿಗಳಲ್ಲಿ ಜನ ಕಡಿಮೆಯಿರುವ ತಿಂಗಳಲ್ಲೇ ತಂದಿಡಿ.